ಬಳಸಿದ ಕಾರು, ಕಾಣದ ಗುಣ

ನಿಮ್ಮ ಮನೆಯ ಮುಂದೆ ಎಂಟು ವರ್ಷ ಹಳೆಯದಾದ ಒಂದು ಐಷಾರಾಮಿ ಕಾರು ನಿಂತಿದೆ ಎಂದಿಟ್ಟುಕೊಳ್ಳಿ. ಹೊಸದಾಗಿ ಕೊಂಡಾಗ ಅದಕ್ಕೆ 50 ಲಕ್ಷ ರೂಪಾಯಿ ತೆತ್ತಿದ್ದೀರಿ. ಹೊತ್ತಿಗೆ ಸರಿಯಾಗಿ ಎಂಜಿನ್ ಆಯಿಲ್ ಬದಲಾಯಿಸಿದ್ದೀರಿ, ಒಂದು ಸರ್ವಿಸನ್ನೂ ತಪ್ಪಿಸಿಲ್ಲ, ಎಲ್ಲಿಯೂ ಗುದ್ದಿಲ್ಲ. ಈಗ ಅದನ್ನು ಮಾರಬೇಕಾಗಿದೆ. ಹಳೆ ಕಾರಿನ ವ್ಯಾಪಾರಿ ಹೇಳಿದ ಬೆಲೆ ನಿಮಗೆ ಒಪ್ಪಿಗೆಯಾಗಲಿಲ್ಲ. ಆದ್ದರಿಂದ ನೀವೇ ನೇರವಾಗಿ ಮಾರಲು ಹೊರಟಿರಿ.

ಭಾನುವಾರ ಬೆಳಿಗ್ಗೆ ಒಬ್ಬರು ಬಂದರು. ಕಾರಿನ ಸುತ್ತ ಎರಡು ಸುತ್ತು ಹಾಕಿದರು. ಬಾನೆಟ್ ತೆರೆಸಿ ನೋಡಿದರು. ಕೊನೆಗೆ ಕೇಳಿದರು: "ಗಾಡಿ ಇಷ್ಟು ಚೆನ್ನಾಗಿದ್ರೆ ಯಾಕೆ ಸಾರ್ ಮಾರ್ತಿದ್ದೀರಿ?" ನೀವು ನಿಜವನ್ನೇ ಹೇಳಿದಿರಿ. ಅವರು ನಂಬಲಿಲ್ಲ. ನಿಮ್ಮ ಜಾಗದಲ್ಲಿ ಮೋಸಗಾರನೊಬ್ಬನಿದ್ದರೂ ಇದೇ ಮಾತನ್ನೇ ಹೇಳುತ್ತಿದ್ದ ಎಂಬುದು ಅವರಿಗೆ ಗೊತ್ತು!

ಸಮಸ್ಯೆಯ ಗಂಟು ಇರುವುದು ಇಲ್ಲೇ. ಕಾರಿನ ಗುಣ ಮಾರುವವನಿಗೆ ಗೊತ್ತು, ಕೊಳ್ಳುವವನಿಗೆ ಗೊತ್ತಿಲ್ಲ. ಪ್ರಾಮಾಣಿಕನಿಗೆ ತನ್ನ ಪ್ರಾಮಾಣಿಕತೆಯನ್ನು ತೋರಿಸಲು ಸಾಧನವಿಲ್ಲ. ಬಳಸಿದ ಕಾರಿನ ವ್ಯಾಪಾರದ ಒಂದು ಶತಮಾನದ ಚರಿತ್ರೆಯೆಂದರೆ ಅಂಥ ಸಾಧನಗಳನ್ನು ಹುಡುಕಿದ ಚರಿತ್ರೆಯೇ. ಯಂತ್ರ, ಪುಸ್ತಕ, ಸಂಖ್ಯೆ, ಕಾನೂನು ಎಲ್ಲವೂ ಒಂದೊಂದಾಗಿ ಬಂದವು. ಅವು ಎಷ್ಟರಮಟ್ಟಿಗೆ ಗೆದ್ದವು? ನೋಡೋಣ ಬನ್ನಿ.

ಹಲ್ಲು ಎಣಿಸಲಾಗದ ವಾಹನ

ದನದ ಜಾತ್ರೆಗೆ ಹೋದವರು ಈ ದೃಶ್ಯವನ್ನು ನೋಡಿರುತ್ತಾರೆ. ಎತ್ತು ಕೊಳ್ಳಲು ಬಂದ ರೈತ ಮೊದಲು ಅದರ ಬಾಯಿ ತೆರೆಸಿ ಹಲ್ಲು ನೋಡುತ್ತಾನೆ. ಎರಡು ಹಲ್ಲು, ನಾಲ್ಕು ಹಲ್ಲು, ಆರು ಹಲ್ಲು, ಬಾಯಿಗೂಡಿದ್ದು ಎಂದು ವಯಸ್ಸನ್ನು ಲೆಕ್ಕ ಹಾಕುತ್ತಾನೆ. ಕರುವಿನ ಹಾಲುಹಲ್ಲು ಬಿದ್ದು ಶಾಶ್ವತ ಬಾಚಿಹಲ್ಲುಗಳು ಜೋಡಿ ಜೋಡಿಯಾಗಿ, ಹೆಚ್ಚುಕಡಿಮೆ ಗೊತ್ತಾದ ವಯಸ್ಸಿನಲ್ಲಿ ಹುಟ್ಟುವುದರಿಂದ ಇದು ಸಾಧ್ಯ. ಮಾರುವವನು ಏನೇ ಹೇಳಲಿ, ಎತ್ತಿನ ಬಾಯಿ ಸುಳ್ಳು ಹೇಳುವುದಿಲ್ಲ.

ಕಾರಿಗೆ ಹಲ್ಲಿಲ್ಲ. ಆದರೆ ಓಡಿದ ದೂರವನ್ನು ಎಣಿಸುವ ಯಂತ್ರ ಬಹಳ ಹಳೆಯದು. ಕ್ರಿ. ಪೂ. ಒಂದನೆಯ ಶತಮಾನದ ರೋಮನ್ ಶಿಲ್ಪಿ ವಿಟ್ರುವಿಯಸ್ ಅಂಥದೊಂದು ಯಂತ್ರವನ್ನು ವಿವರಿಸಿದ್ದಾನೆ. ರಥದ ಚಕ್ರ ಒಂದು ಸುತ್ತಿಗೆ ಹನ್ನೆರಡೂವರೆ ಅಡಿ ಸಾಗುತ್ತದೆ. 400 ಸುತ್ತಿಗೆ 5000 ಅಡಿ, ಅಂದರೆ ಒಂದು ರೋಮನ್ ಮೈಲಿ. ಪ್ರತಿ ಮೈಲಿಗೂ ಹಲ್ಲುಚಕ್ರಗಳ ಸಾಲು ತಿರುಗಿ ಒಂದು ಗುಂಡುಕಲ್ಲು ಪೆಟ್ಟಿಗೆಯೊಳಗೆ ಬೀಳುತ್ತದೆ. ಸಂಜೆ ಕಲ್ಲುಗಳನ್ನು ಎಣಿಸಿದರೆ ಸಾಗಿದ ದಾರಿ ತಿಳಿಯಿತು.

20ನೆಯ ಶತಮಾನದ ಆರಂಭದಲ್ಲಿ ಮೋಟಾರು ಕಾರಿಗೆ ಬಂದ ಓಡೋಮೀಟರ್ ಇದೇ ತತ್ವದ ಸುಧಾರಿತ ರೂಪ. ಗೇರ್‌ಬಾಕ್ಸ್‌ನಿಂದ ಹೊರಟ ಕೇಬಲ್ ತಿರುಗುತ್ತ ಅಂಕಿ ಬರೆದ ಪುಟ್ಟ ಗಾಲಿಗಳನ್ನು ಸರಿಸುತ್ತದೆ. ಒಂದು ಗಾಲಿ ಹತ್ತು ಅಂಕಿ ಮುಗಿಸಿದಾಗ ಪಕ್ಕದ ಗಾಲಿ ಒಂದು ಅಂಕಿ ಮುಂದೆ ಹೋಗುತ್ತದೆ. ಕಾರಿಗೂ ಹಲ್ಲು ಬಂದಂತಾಯಿತು!

ಆದರೆ ಎತ್ತಿನ ಹಲ್ಲಿಗೂ ಈ ಹಲ್ಲುಚಕ್ರಕ್ಕೂ ಒಂದು ಮುಖ್ಯ ವ್ಯತ್ಯಾಸವಿದೆ. ಮನುಷ್ಯನು ಮಾಡಿದ್ದನ್ನು ಮನುಷ್ಯನೇ ಹಿಂದಕ್ಕೆ ತಿರುಗಿಸಬಲ್ಲ. ಕೇಬಲ್ ಬಿಚ್ಚಿ ಗಾಲಿಗಳನ್ನು ಹಿಂದೆ ಸರಿಸುವುದು ಅಷ್ಟೇನೂ ಕಷ್ಟದ ಕೆಲಸವಾಗಿರಲಿಲ್ಲ. ಅದೂ ಅಲ್ಲದೆ ಎಷ್ಟೋ ಕಾರುಗಳಲ್ಲಿ ಐದೇ ಅಂಕಿಗಳಿದ್ದವು. 99,999 ಮುಗಿದ ಮೇಲೆ ಮತ್ತೆ ಸೊನ್ನೆಯಿಂದ ಆರಂಭ. ಅಂದರೆ 20,000 ಎಂದು ತೋರಿಸುವ ಕಾರು ನಿಜವಾಗಿ 1,20,000 ಓಡಿರಬಹುದಿತ್ತು.

ಬೆಲೆಯ ಪುಸ್ತಕ

1920ರ ದಶಕದ ಅಮೆರಿಕದಲ್ಲಿ ಕಾರು ಮಾರಾಟದ ರೀತಿಯೇ ಬದಲಾಯಿತು. ಕಂತಿನ ಮೇಲೆ ಕಾರು ಸಿಗತೊಡಗಿತು. ಜನರಲ್ ಮೋಟಾರ್ಸ್ ಕಂಪನಿಯ ಮುಖ್ಯಸ್ಥ ಆಲ್ಫ್ರೆಡ್ ಸ್ಲೋನ್ ವರ್ಷ ವರ್ಷವೂ ಹೊಸ ಮಾದರಿ ತರುವ ಪದ್ಧತಿಯನ್ನು ಬೆಳೆಸಿದ. ಹಳೆಯದನ್ನು ಕೊಟ್ಟು ಹೊಸದನ್ನು ಒಯ್ಯುವವರು ಹೆಚ್ಚಿದರು. ವ್ಯಾಪಾರಿಗಳ ಅಂಗಳದಲ್ಲಿ ಹಳೆ ಕಾರುಗಳು ತುಂಬಿದವು. ಇವುಗಳಿಗೆ ಬೆಲೆ ಕಟ್ಟುವುದು ಹೇಗೆ?

ಲಾಸ್ ಏಂಜಲೀಸಿನ ಕಾರು ವ್ಯಾಪಾರಿ ಲೆಸ್ ಕೆಲಿ 1926ರಲ್ಲಿ 'ಬ್ಲೂ ಬುಕ್' ಎಂಬ ಬೆಲೆಪಟ್ಟಿಯನ್ನು ಹೊರತಂದ. ಯಾವ ಕಂಪನಿ, ಯಾವ ಮಾದರಿ, ಯಾವ ವರ್ಷ ಎಂದು ಹೇಳಿದರೆ ಬೆಲೆ ಎಷ್ಟೆಂದು ಪುಸ್ತಕ ಹೇಳುತ್ತಿತ್ತು. ಬ್ರಿಟನ್ನಿನಲ್ಲಿ 1933ರಿಂದ 'ಗ್ಲಾಸಸ್ ಗೈಡ್', ಜರ್ಮನಿಯಲ್ಲಿ 1957ರಿಂದ 'ಶ್ವಾಕೆ' ಪಟ್ಟಿ ಇದೇ ಕೆಲಸ ಮಾಡಿದವು.

ಇವು ಉಪಯುಕ್ತ ಪುಸ್ತಕಗಳೇ. ಆದರೆ ಪಟ್ಟಿ ಹೇಳುವುದು ಸರಾಸರಿ ಬೆಲೆಯನ್ನು. ನಿಮ್ಮ ಕಾರು ಆ ಸರಾಸರಿಗಿಂತ ಮೇಲೋ ಕೆಳಗೋ ಎಂಬುದನ್ನು ಅದು ಹೇಳಲಾರದು. ಸರಾಸರಿ ಬೆಲೆಯಲ್ಲಿ ಅಡಗಿರುವ ಈ ಅಪಾಯವನ್ನು ಗುರುತಿಸಲು ಒಬ್ಬ ಯುವ ಅರ್ಥಶಾಸ್ತ್ರಜ್ಞ ಬರಬೇಕಾಯಿತು.

ನಿಂಬೆಹಣ್ಣಿನ ಸಿದ್ಧಾಂತ

ನಮ್ಮಲ್ಲಿ ಹೊಸ ಗಾಡಿಗೆ ಪೂಜೆ ಮಾಡಿ ಚಕ್ರದಡಿ ನಿಂಬೆಹಣ್ಣು ಇಡುತ್ತೇವೆ. ಗಾಡಿಗೆ ಒಳ್ಳೆಯದಾಗಲಿ ಎಂದು. ಅಮೆರಿಕದ ಆಡುಮಾತಿನಲ್ಲಿ ಮಾತ್ರ 'ನಿಂಬೆಹಣ್ಣು' ಎಂದರೆ ಕೊಂಡ ಮೇಲೆ ಬಣ್ಣ ಬಯಲಾಗುವ ಕೆಟ್ಟ ಕಾರು. ಬರ್ಕಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಆಗಷ್ಟೇ ಅಧ್ಯಾಪಕನಾಗಿದ್ದ ಜಾರ್ಜ್ ಅಕೆರ್ಲಾಫ್ 1966-67ರಲ್ಲಿ ಈ ನಿಂಬೆಹಣ್ಣುಗಳ ಮಾರುಕಟ್ಟೆಯ ಬಗ್ಗೆ ಒಂದು ಪ್ರಬಂಧ ಬರೆದ. ಮೂರು ಪತ್ರಿಕೆಗಳು ಅದನ್ನು ತಿರಸ್ಕರಿಸಿದವು. ಇದು ತೀರ ಕ್ಷುಲ್ಲಕ ವಿಷಯ ಎಂಬ ಮಾತೂ ಬಂತು. ಕಡೆಗೆ 1970ರಲ್ಲಿ ಅದು ಅಚ್ಚಾಯಿತು. 2001ರಲ್ಲಿ ಮೈಕಲ್ ಸ್ಪೆನ್ಸ್ ಮತ್ತು ಜೋಸೆಫ್ ಸ್ಟಿಗ್ಲಿಟ್ಜ್ ಅವರೊಂದಿಗೆ ಅಕೆರ್ಲಾಫ್ ಅರ್ಥಶಾಸ್ತ್ರದ ನೊಬೆಲ್ ಪಡೆದರು!

ಅವರ ವಾದವನ್ನು ಒಂದು ಲೆಕ್ಕದ ಮೂಲಕ ನೋಡಿ. ಇದು ಕೇವಲ ಉದಾಹರಣೆಗಾಗಿ ಮಾಡಿದ ಲೆಕ್ಕ. ಒಂದೇ ಮಾದರಿಯ, ಒಂದೇ ವಯಸ್ಸಿನ ಹತ್ತು ಐಷಾರಾಮಿ ಕಾರುಗಳು ಮಾರಾಟಕ್ಕಿವೆ. ಐದು ಒಳ್ಳೆಯವು, ತಲಾ 20 ಲಕ್ಷ ರೂಪಾಯಿ ಬಾಳುತ್ತವೆ. ಐದು ಕೆಟ್ಟವು, 10 ಲಕ್ಷ ಮಾತ್ರ ಬಾಳುತ್ತವೆ. ಕೊಳ್ಳುವವನಿಗೆ ವ್ಯತ್ಯಾಸ ಕಾಣುವುದಿಲ್ಲ. ಆದ್ದರಿಂದ ಸರಾಸರಿ ಹಿಡಿದು 15 ಲಕ್ಷ ಕೊಡಲು ಸಿದ್ಧನಾಗುತ್ತಾನೆ. ಕೆಟ್ಟ ಕಾರಿನವನಿಗೆ ಇದು ಹಬ್ಬ. ಆದರೆ ಒಳ್ಳೆಯ ಕಾರಿನವನು 18 ಲಕ್ಷಕ್ಕಿಂತ ಕೆಳಗೆ ಇಳಿಯಲಾರ. ಆತ ಮಾರುವ ಯೋಚನೆಯನ್ನೇ ಬಿಟ್ಟು ಕಾರನ್ನು ಮನೆಯಲ್ಲಿ ಇಟ್ಟುಕೊಳ್ಳುತ್ತಾನೆ. ಈಗ ಮಾರುಕಟ್ಟೆಯಲ್ಲಿ ಉಳಿದದ್ದು ಕೆಟ್ಟ ಕಾರುಗಳಷ್ಟೇ. ಇದು ಕೊಳ್ಳುವವರಿಗೂ ತಿಳಿಯುತ್ತದೆ. ಬೆಲೆ 10 ಲಕ್ಷಕ್ಕೆ ಕುಸಿಯುತ್ತದೆ. ಹೀಗೆ ಕೆಟ್ಟದ್ದು ಒಳ್ಳೆಯದನ್ನು ಸಂತೆಯಿಂದ ಓಡಿಸುತ್ತದೆ.

ಸಣ್ಣ ಕಾರಿನಲ್ಲೂ ಹೀಗೆಯೇ ಆಗುತ್ತದಲ್ಲವೆ? ಆಗುತ್ತದೆ, ಆದರೆ ಪ್ರಮಾಣ ಬೇರೆ. ಒಳ್ಳೆಯದಕ್ಕೆ 3 ಲಕ್ಷ, ಕೆಟ್ಟದ್ದಕ್ಕೆ ಎರಡೂವರೆ ಲಕ್ಷ ಎಂದರೆ ಸರಾಸರಿಯಲ್ಲಿ ಒಳ್ಳೆಯವನಿಗೆ ಆಗುವ ನಷ್ಟ 25 ಸಾವಿರ. ನಿಟ್ಟುಸಿರು ಬಿಟ್ಟು ಮಾರಿಬಿಡಬಹುದು. ಅದರ ರಿಪೇರಿಗೆ ಬೀದಿಗೊಬ್ಬ ಮೆಕ್ಯಾನಿಕ್ ಇದ್ದಾನೆ. ಐಷಾರಾಮಿ ಕಾರಿನಲ್ಲಿ ಗಾಳಿ ತುಂಬಿದ ಸಸ್ಪೆನ್ಷನ್, ಹತ್ತಾರು ಎಲೆಕ್ಟ್ರಾನಿಕ್ ನಿಯಂತ್ರಣ ಘಟಕಗಳು, ಜಟಿಲವಾದ ಗೇರ್‌ಬಾಕ್ಸ್ ಎಲ್ಲ ಇರುತ್ತವೆ. ಒಂದು ಕೆಟ್ಟರೂ ಖರ್ಚು ಲಕ್ಷಗಳಲ್ಲಿ. ಜೊತೆಗೆ ಕೊಳ್ಳುವವರೇ ಕಡಿಮೆ. ಆದ್ದರಿಂದ ಅನುಮಾನಕ್ಕೆ ಕೊಡಬೇಕಾದ ಬೆಲೆಯೂ ಇಲ್ಲಿ ದೊಡ್ಡದು. ಖಾಸಗಿಯಾಗಿ ಮಾರುವವನು ವ್ಯಾಪಾರಿಯಂತೆ ವಾರಂಟಿ ಕೊಡಲಾರ, ನಾಳೆಯೂ ಅದೇ ಅಂಗಡಿಯಲ್ಲಿ ಸಿಗುತ್ತೇನೆ ಎನ್ನಲಾರ.

ಅಕೆರ್ಲಾಫ್ 1967-68ರಲ್ಲಿ ದೆಹಲಿಯ ಇಂಡಿಯನ್ ಸ್ಟ್ಯಾಟಿಸ್ಟಿಕಲ್ ಇನ್‌ಸ್ಟಿಟ್ಯೂಟಿನಲ್ಲಿ ಒಂದು ವರ್ಷ ಇದ್ದರು. ಅವರ ಪ್ರಬಂಧದಲ್ಲಿ ಭಾರತದ ಸಂಗತಿಗಳೂ ಇವೆ. ಅಕ್ಕಿಯ ಬಣ್ಣದ, ಅಕ್ಕಿಯ ಆಕಾರದ ಕಲ್ಲುಗಳನ್ನು ಬೇಕೆಂದೇ ಬೆರೆಸಿ ಮಾರುವುದು, ಗೃಹಿಣಿಯರು ಕೂತು ಅದನ್ನು ಆರಿಸುವುದು ಅವುಗಳಲ್ಲೊಂದು. ಮೊರದಲ್ಲಿ ಅಕ್ಕಿ ಹಾಕಿ ಕಲ್ಲು ಆರಿಸುತ್ತಿದ್ದ ನಮ್ಮ ತಾಯಂದಿರು ಆ ಸಮಸ್ಯೆಯನ್ನು ದಿನವೂ ಬಿಡಿಸುತ್ತಿದ್ದರು! ಆದರೆ ಕಾರನ್ನು ಮೊರದಲ್ಲಿ ಹಾಕಿ ಕೇರಲು ಬರುವುದಿಲ್ಲವಲ್ಲ.

ನಮ್ಮಲ್ಲಿ ಈ ಸಮಸ್ಯೆ ತಡವಾಗಿ ಬಂದದ್ದೇಕೆ?

ಅಕೆರ್ಲಾಫ್ ದೆಹಲಿಯಲ್ಲಿದ್ದ ಕಾಲಕ್ಕೆ ನಮ್ಮ ದೇಶದಲ್ಲಿ ಕಾರಿನ ಮಾರುಕಟ್ಟೆಯ ಚಿತ್ರವೇ ಬೇರೆ ಇತ್ತು. ಹೊಸ ಕಾರುಗಳ ಹಂಚಿಕೆ ಮತ್ತು ಮಾರಾಟವನ್ನು 1959ರ ಸರ್ಕಾರಿ ನಿಯಂತ್ರಣ ಆಜ್ಞೆ ಕಟ್ಟಿಹಾಕಿತ್ತು. ಹೊಸ ಕಾರಿಗೆ ವರ್ಷಗಟ್ಟಲೆ ಕಾಯಬೇಕಿತ್ತು. ಇನ್ನು ವಿದೇಶಿ ಐಷಾರಾಮಿ ಕಾರುಗಳು? ರಾಯಭಾರ ಕಚೇರಿಗಳವರು ತಂದು ಬಳಸಿದ ಕಾರುಗಳು 1956ರಲ್ಲಿ ಸ್ಥಾಪನೆಯಾದ ಸ್ಟೇಟ್ ಟ್ರೇಡಿಂಗ್ ಕಾರ್ಪೊರೇಷನ್ ಮೂಲಕ ಹರಾಜಿಗೆ ಬರುತ್ತಿದ್ದವು. ಕೊಳ್ಳಲು ಮುಗಿಬೀಳುವವರಿದ್ದಾಗ ಮಾರುವವನ ಮಾತನ್ನು ಪರೀಕ್ಷಿಸುವವರು ಯಾರು? ಸಿಕ್ಕಿದ್ದೇ ಭಾಗ್ಯ.

1993ರಲ್ಲಿ ಕಾರು ತಯಾರಿಕೆಗೆ ಲೈಸೆನ್ಸ್ ಬೇಕೆಂಬ ನಿಯಮ ಹೋಯಿತು. 1995ರಲ್ಲಿ ಪುಣೆಯಲ್ಲಿ ಮರ್ಸಿಡಿಸ್-ಬೆಂಜ್ ಕಾರುಗಳ ತಯಾರಿಕೆ ಆರಂಭವಾಯಿತು. 2007ರಲ್ಲಿ ಬಿಎಂಡಬ್ಲ್ಯು ಚೆನ್ನೈಯಲ್ಲಿ, ಆಡಿ ಔರಂಗಾಬಾದಿನಲ್ಲಿ ಕಾರು ಜೋಡಿಸತೊಡಗಿದವು. ಸಾಲ ಸುಲಭವಾಯಿತು, ಹೊಸ ಮಾದರಿಗಳು ಬೇಗ ಬೇಗ ಬಂದವು. ಕೆಲವೇ ವರ್ಷಗಳಲ್ಲಿ ಈ ಕಾರುಗಳು ಎರಡನೆಯ, ಮೂರನೆಯ ಮಾಲೀಕರನ್ನು ಹುಡುಕಿಕೊಂಡು ಹೊರಟವು. ಕೊರತೆಯ ಕಾಲ ಮುಗಿದು ಆಯ್ಕೆಯ ಕಾಲ ಬಂದಾಗ ಅನುಮಾನವೂ ಬಂತು. ಅಮೆರಿಕದ 1920ರ ದಶಕದ ಪ್ರಶ್ನೆ ನಮ್ಮ ಬೆಂಗಳೂರು, ಹುಬ್ಬಳ್ಳಿ, ಮಂಗಳೂರುಗಳ ಪ್ರಶ್ನೆಯೂ ಆಯಿತು.

ಸಂಖ್ಯೆ, ಕಾನೂನು, ಕಂಪ್ಯೂಟರ್

ಅಷ್ಟರಲ್ಲಿ ಬೇರೆ ದೇಶಗಳಲ್ಲಿ ಕೆಲವು ಉತ್ತರಗಳು ಸಿದ್ಧವಾಗಿದ್ದವು. ಮೊದಲನೆಯದು ಕಾರಿನ ಗುರುತು. ಇಂದು ಪ್ರತಿ ಕಾರಿನ ಚಾಸಿಯ ಮೇಲೂ 17 ಅಕ್ಷರ ಮತ್ತು ಅಂಕಿಗಳ ಒಂದು ಗುರುತಿನ ಸಂಖ್ಯೆ ಇರುತ್ತದೆ. ಅಮೆರಿಕದಲ್ಲಿ 1981ರ ಮಾದರಿಗಳಿಂದ ಈ ರೂಪ ಕಡ್ಡಾಯವಾಯಿತು. ಒಂದು, ಸೊನ್ನೆಗಳೊಂದಿಗೆ ಗೊಂದಲವಾಗದಿರಲೆಂದು ಇಂಗ್ಲಿಷಿನ ಐ, ಓ, ಕ್ಯೂ ಅಕ್ಷರಗಳನ್ನು ಬಿಡಲಾಗಿದೆ. ಭಾರತದಲ್ಲಿ ತಯಾರಾದ ಕಾರಿನ ಸಂಖ್ಯೆ 'ಎಂ' ಅಕ್ಷರದಿಂದ ಆರಂಭವಾಗುತ್ತದೆ, ಜರ್ಮನಿಯದು 'ಡಬ್ಲ್ಯು'ನಿಂದ. ಉತ್ತರ ಅಮೆರಿಕದಲ್ಲಿ ಒಂಬತ್ತನೆಯ ಸ್ಥಾನ ತಪಾಸಣೆಯ ಅಂಕಿ. ಉಳಿದ ಪ್ರತಿ ಅಕ್ಷರದ ಮೌಲ್ಯವನ್ನು ಗೊತ್ತಾದ ತೂಕದಿಂದ ಗುಣಿಸಿ, ಕೂಡಿಸಿ, 11ರಿಂದ ಭಾಗಿಸಿದಾಗ ಬರುವ ಶೇಷವೇ ಆ ಅಂಕಿ. ಶೇಷ 10 ಬಂದರೆ 'ಎಕ್ಸ್' ಎಂದು ಬರೆಯುತ್ತಾರೆ. ಯಾರಾದರೂ ಒಂದು ಅಂಕಿಯನ್ನು ತಿದ್ದಿದರೆ ಲೆಕ್ಕ ತಾಳೆಯಾಗುವುದಿಲ್ಲ.

ಎರಡನೆಯದು ಕಾನೂನು. ಅಮೆರಿಕ 1972ರಲ್ಲಿ ಓಡೋಮೀಟರ್ ತಿರುಗಿಸುವುದನ್ನು ನಿಷೇಧಿಸಿತು. 1986ರ ಕಾಯಿದೆ ಮಾರಾಟದ ವೇಳೆ ಮಾಲೀಕತ್ವದ ಪತ್ರದಲ್ಲೇ ಓಡಿದ ಮೈಲಿಗಳನ್ನು ಬರೆಯಬೇಕೆಂದಿತು. ಜರ್ಮನಿಯಲ್ಲಿ 2005ರಿಂದ ಇದು ಶಿಕ್ಷಾರ್ಹ ಅಪರಾಧ. ಬೆಲ್ಜಿಯಂ ಇನ್ನೂ ಮುಂದೆ ಹೋಯಿತು. ಅಲ್ಲಿ ಕಾರು ಗ್ಯಾರೇಜಿಗೆ ಅಥವಾ ತಪಾಸಣೆಗೆ ಹೋದಾಗಲೆಲ್ಲ ಓಡಿದ ದೂರ ಒಂದು ಕೇಂದ್ರ ದಾಖಲೆಗೆ ಸೇರುತ್ತದೆ. 2006ರ ಕೊನೆಯಿಂದ ಬಳಸಿದ ಕಾರು ಮಾರುವ ಖಾಸಗಿ ವ್ಯಕ್ತಿಯೂ 'ಕಾರ್-ಪಾಸ್' ಎಂಬ ಆ ದಾಖಲೆಯನ್ನು ಕೊಡಲೇಬೇಕು. ಪ್ರಾಮಾಣಿಕನಿಗೆ ಬೇಕಾಗಿದ್ದ ಸಾಧನ ಇದೇ ತಾನೆ? ಆತನ ಮಾತಿನ ಬದಲು ವರ್ಷಗಳ ದಾಖಲೆಯೇ ಮಾತಾಡುತ್ತದೆ.

ಮೂರನೆಯದು ಎಲೆಕ್ಟ್ರಾನಿಕ್ಸ್. ಓಡೋಮೀಟರಿನ ಗಾಲಿಗಳು ಹೋಗಿ ಮೆಮೊರಿ ಚಿಪ್ ಬಂದಾಗ ಮೋಸ ನಿಂತಿತೆಂದು ಭಾವಿಸಿದವರಿದ್ದರು. ಆದರೆ ಸ್ಕ್ರೂಡ್ರೈವರ್ ಬದಲು ಲ್ಯಾಪ್‌ಟಾಪ್ ಬಂತು, ಅಷ್ಟೆ. ಒಂದು ಸಮಾಧಾನವಿದೆ. ಹಲವು ಐಷಾರಾಮಿ ಕಾರುಗಳಲ್ಲಿ ಓಡಿದ ದೂರ ಡ್ಯಾಶ್‌ಬೋರ್ಡಿನಲ್ಲಷ್ಟೇ ಅಲ್ಲದೆ ಬೇರೆ ನಿಯಂತ್ರಣ ಘಟಕಗಳಲ್ಲೂ ದಾಖಲಾಗಿರುತ್ತದೆ. ಒಂದನ್ನು ತಿದ್ದಿದವನು ಇನ್ನೊಂದನ್ನು ಮರೆತರೆ ಸಿಕ್ಕಿಬೀಳುತ್ತಾನೆ.

ಸ್ಟೀರಿಂಗ್ ಕೆಳಗೆ ರೋಗಪತ್ತೆ ಉಪಕರಣವನ್ನು ಜೋಡಿಸುವ ಸಾಕೆಟ್ ಇದೆಯಲ್ಲ, ಅದೂ ಸಾಕ್ಷಿ ಹೇಳುತ್ತದೆ. ಉದಾಹರಣೆಗೆ 'ಪಿ 0301' ಎಂಬ ಸಂಕೇತ ಬಂದರೆ ಒಂದನೆಯ ಸಿಲಿಂಡರಿನಲ್ಲಿ ಇಂಧನ ಸರಿಯಾಗಿ ಉರಿಯುತ್ತಿಲ್ಲ ಎಂದರ್ಥ. ಮಾರುವ ಮುನ್ನ ಈ ಸಂಕೇತಗಳನ್ನು ಅಳಿಸಬಹುದು. ಆದರೆ ಅಳಿಸಿದ ಕೂಡಲೇ ಕಾರಿನ ಸ್ವಯಂತಪಾಸಣೆಗಳು 'ಇನ್ನೂ ಪೂರ್ಣವಾಗಿಲ್ಲ' ಎಂಬ ಸ್ಥಿತಿಗೆ ಹೋಗುತ್ತವೆ. ಕೆಲವು ದಿನ ಓಡಿಸುವವರೆಗೆ ಅವು ಹಾಗೆಯೇ ಇರುತ್ತವೆ. ನೋಡಬಲ್ಲವರಿಗೆ ಇದು ಒರೆಸಿದ ಹಲಗೆಯ ಮೇಲಿನ ಸೀಮೆಸುಣ್ಣದ ಗುರುತಿನಂತೆ.

ಕೆಲವು ದೋಷಗಳು ಇಲ್ಲೂ ಕಾಣುವುದಿಲ್ಲ. 2022ರ ಸೆಪ್ಟೆಂಬರ್ ಮಳೆಗೆ ಬೆಂಗಳೂರಿನ ಯಮಲೂರು ಸುತ್ತಮುತ್ತ ದುಬಾರಿ ಕಾರುಗಳು ಮುಳುಗಿದ್ದನ್ನು ನೀವು ಚಿತ್ರಗಳಲ್ಲಿ ನೋಡಿರಬಹುದು. ನೀರಿಗೆ ಸಿಕ್ಕ ಕಾರನ್ನು ಒಣಗಿಸಿ ತೊಳೆದರೆ ಹೊಸದರಂತೆ ಕಾಣುತ್ತದೆ. ಆದರೆ ವೈರುಗಳ ಜೋಡಣೆಯೊಳಗೆ ಹೊಕ್ಕ ತೇವ ತಾಮ್ರವನ್ನು ಮೆಲ್ಲಗೆ ತಿನ್ನುತ್ತದೆ. ರೋಗ ಹೊರಬೀಳಲು ತಿಂಗಳುಗಳು ಬೇಕು. ಅಂಥ ಒಂದು ಸುದ್ದಿ ಬಂದರೆ ಸಾಕು, ನೀರನ್ನೇ ಕಾಣದ ನಿಮ್ಮ ಕಾರಿನ ಮೇಲೂ ಅನುಮಾನ ಬೀಳುತ್ತದೆ.

ಮಾರಿದ ಮೇಲೂ ಮುಗಿಯದ ಕಥೆ

ಇಷ್ಟೆಲ್ಲ ದಾಟಿ ಕಾರು ಮಾರಿದಿರಿ, ಹಣವೂ ಬಂತು ಎನ್ನೋಣ. ನಿಶ್ಚಿಂತೆಯೆ? ಇಲ್ಲ. ಇಲ್ಲಿಯವರೆಗೆ ಕೊಳ್ಳುವವನು ನಿಮ್ಮನ್ನು ನಂಬಬೇಕಿತ್ತು. ಈಗ ನೀವು ಅವನನ್ನು ನಂಬಬೇಕು.

1988ರ ಮೋಟಾರು ವಾಹನ ಕಾಯಿದೆಯ ಪ್ರಕಾರ, ರಾಜ್ಯದೊಳಗೇ ಮಾರಿದರೆ ಮಾರಿದವನು 14 ದಿನಗಳಲ್ಲಿ ಆರ್‌ಟಿಓಗೆ ತಿಳಿಸಬೇಕು. ಕೊಂಡವನಿಗೆ 30 ದಿನಗಳ ಅವಧಿ ಇದೆ. ಇದಕ್ಕೆ ನಮೂನೆ 29 ಮತ್ತು 30 ಇವೆ. ಸಹಿ ಮಾಡಿದ ಖಾಲಿ ನಮೂನೆ ಕೊಟ್ಟು ಮರೆತುಬಿಡುವವರು ಬಹಳ. ಅಂಥವರು 2018ರ ಸುಪ್ರೀಂ ಕೋರ್ಟಿನ ಒಂದು ತೀರ್ಪನ್ನು ತಿಳಿದಿರಬೇಕು. 2007ರಲ್ಲಿ ಮಾರಿದ ಕಾರೊಂದು ಕೈಯಿಂದ ಕೈಗೆ ಹೋಗಿ 2009ರಲ್ಲಿ ಅಪಘಾತಕ್ಕೀಡಾಯಿತು. ಆರ್‌ಸಿಯಲ್ಲಿ ಮಾತ್ರ ಮೊದಲ ಮಾಲೀಕನ ಹೆಸರೇ ಉಳಿದಿತ್ತು. ನೊಂದವರು ಒಬ್ಬರಿಂದ ಒಬ್ಬರಿಗೆ ಮಾಲೀಕರನ್ನು ಹುಡುಕಿಕೊಂಡು ಅಲೆಯಬೇಕಿಲ್ಲ, ದಾಖಲೆಯಲ್ಲಿ ಯಾರ ಹೆಸರಿದೆಯೋ ಅವನೇ ಪರಿಹಾರಕ್ಕೆ ಹೊಣೆ ಎಂದು ನ್ಯಾಯಾಲಯ ಹೇಳಿತು. ಎರಡು ವರ್ಷಗಳ ಹಿಂದೆಯೇ ಕೀಲಿ ಕೊಟ್ಟವನ ಹೆಗಲಿಗೆ ಭಾರ ಬಿತ್ತು!

ಹಳೆ ಕಾರಿನ ವ್ಯಾಪಾರಿಗಳಿಗೆ 2023ರ ಏಪ್ರಿಲ್‌ನಿಂದ ಅಧಿಕೃತ ಪರವಾನಗಿಯ ವ್ಯವಸ್ಥೆ ಬಂದಿದೆ. ಅಂಥವರಿಗೆ ಕಾರು ಒಪ್ಪಿಸಿ ಆರ್‌ಟಿಓಗೆ ತಿಳಿಸಿದರೆ ಹೊಣೆ ಅವರದು. ವ್ಯಕ್ತಿಯಿಂದ ವ್ಯಕ್ತಿಗೆ ನಡೆಯುವ ಮಾರಾಟದಲ್ಲಿ ಈ ರಕ್ಷಣೆ ಇಲ್ಲ. ವ್ಯಾಪಾರಿ ಕಡಿಮೆ ಬೆಲೆ ಹೇಳಿದನೆಂದು ಸಿಟ್ಟಾಗುತ್ತೇವಲ್ಲ, ಆತ ಕಡಿತ ಮಾಡಿದ ಹಣದಲ್ಲಿ ಇಂಥ ಹೊಣೆಯ ಬೆಲೆಯೂ ಸೇರಿದೆ.

ಸಾಲ ಉಳಿದಿದ್ದರೆ ಇನ್ನೊಂದು ತೊಡಕು. ಹಣ ಬಾರದೆ ಬ್ಯಾಂಕು ಆರ್‌ಸಿಯ ಮೇಲಿನ ಹಕ್ಕನ್ನು ಬಿಡದು. ಹಕ್ಕು ಬಿಡದೆ ಕೊಳ್ಳುವವನು ಹಣ ಕೊಡನು. ಇಬ್ಬರೂ ಬ್ಯಾಂಕಿನ ಶಾಖೆಗೇ ಹೋಗಿ, ಸಾಲದ ಬಾಕಿಯನ್ನು ನೇರವಾಗಿ ಖಾತೆಗೆ ಕಟ್ಟಿಸಿ, ನಮೂನೆ 35 ಮತ್ತು ನಿರಾಕ್ಷೇಪಣಾ ಪತ್ರ ಪಡೆಯುವುದು ಸುರಕ್ಷಿತ. 2017ರ ಏಪ್ರಿಲ್‌ನಲ್ಲಿ ಜಾರಿಗೆ ಬಂದ ನಿಯಮದಂತೆ ಒಂದು ವ್ಯವಹಾರದಲ್ಲಿ 2 ಲಕ್ಷ ರೂಪಾಯಿ ಅಥವಾ ಅದಕ್ಕೂ ಹೆಚ್ಚು ನಗದು ಪಡೆಯುವಂತಿಲ್ಲ. ದಂಡ ಬೀಳುವುದು ಪಡೆದವನಿಗೆ, ಅಂದರೆ ನಿಮಗೆ.

ನೀವೇನು ಮಾಡಬಹುದು?

ಅಕೆರ್ಲಾಫ್ ಜೊತೆ ನೊಬೆಲ್ ಹಂಚಿಕೊಂಡ ಇಬ್ಬರನ್ನು ಇಲ್ಲಿ ನೆನೆಯಬೇಕು. ಕಡಿಮೆ ತಿಳಿದವನು ಹೇಗೆ ಜರಡಿ ಹಿಡಿಯಬಹುದೆಂದು ಸ್ಟಿಗ್ಲಿಟ್ಜ್ ತೋರಿಸಿದರು. ಹೆಚ್ಚು ತಿಳಿದವನು ತನ್ನ ಗುಣವನ್ನು ಹೇಗೆ ಸಾರಬಹುದೆಂದು 1973ರಲ್ಲಿ ಸ್ಪೆನ್ಸ್ ವಿವರಿಸಿದರು. ಸ್ಪೆನ್ಸ್ ಹೇಳಿದ್ದರ ಸಾರ ಇಷ್ಟು: ಒಳ್ಳೆಯವನಿಗೆ ಅಗ್ಗವಾಗಿ, ಮೋಸಗಾರನಿಗೆ ದುಬಾರಿಯಾಗಿ ಇರುವ ಸಂಕೇತ ಮಾತ್ರ ನಂಬಿಕೆ ಹುಟ್ಟಿಸುತ್ತದೆ.

"ನನ್ನ ಕಾರು ಚೆನ್ನಾಗಿದೆ" ಎನ್ನಲು ಇಬ್ಬರಿಗೂ ಖರ್ಚಿಲ್ಲ. ಆದ್ದರಿಂದ ಆ ಮಾತಿಗೆ ಬೆಲೆಯಿಲ್ಲ. "ನಿಮಗೆ ಬೇಕಾದ ವರ್ಕ್‌ಶಾಪಿಗೆ ಒಯ್ಯೋಣ, ಎತ್ತಿ ನೋಡಲಿ, ಸ್ಕ್ಯಾನ್ ಮಾಡಲಿ" ಎಂದು ನೋಡಿ. ನಿಮಗೆ ಅರ್ಧ ದಿನ ಹೋಗಬಹುದು, ಮೋಸಗಾರನಿಗೆ ವ್ಯಾಪಾರವೇ ಹೋಗುತ್ತದೆ. ಮೊದಲ ದಿನದಿಂದ ಜೋಡಿಸಿಟ್ಟ ಸರ್ವಿಸ್ ಬಿಲ್ಲುಗಳೂ ಹಾಗೆಯೇ. ಅವುಗಳಲ್ಲಿ ದಿನಾಂಕವೂ ಕಿಲೋಮೀಟರೂ ಇರುತ್ತವೆ. ಎಂಟು ವರ್ಷಗಳ ಬಿಲ್ಲುಗಳನ್ನು ಒಂದೇ ರಾತ್ರಿಯಲ್ಲಿ ಸೃಷ್ಟಿಸುವುದು ಕಷ್ಟ. ಒಂದು ಬಾಗಿಲಿಗೆ ಮತ್ತೆ ಬಣ್ಣ ಹೊಡೆಸಿದ್ದರೆ ಅದನ್ನೂ ನೀವೇ ಮೊದಲು ಹೇಳಿಬಿಡಿ. ಬಣ್ಣದ ದಪ್ಪವನ್ನು ಅಳೆಯುವ ಸಾಧನ ಹೇಗೂ ಹೇಳುತ್ತದೆ. ಮಾರಿದ ಮೇಲೆ ಆರ್‌ಸಿಯಲ್ಲಿ ಹೆಸರು ಬದಲಾಗುವವರೆಗೆ ಬೆನ್ನು ಬಿಡಬೇಡಿ.

ನಮ್ಮ ಆರ್‌ಸಿಯಲ್ಲಿ ಎಂಜಿನ್ ಸಂಖ್ಯೆ, ಚಾಸಿ ಸಂಖ್ಯೆ, ಬಣ್ಣ ಎಲ್ಲ ಇವೆ, ಓಡಿದ ಕಿಲೋಮೀಟರಿಗೆ ಮಾತ್ರ ಜಾಗವಿಲ್ಲ. ಪ್ರತಿ ಹೊಗೆ ತಪಾಸಣೆಯಲ್ಲಿ, ಪ್ರತಿ ಸರ್ವಿಸಿನಲ್ಲಿ ಆ ಒಂದು ಅಂಕಿಯನ್ನು ಕೇಂದ್ರ ದಾಖಲೆಗೆ ಸೇರಿಸುವುದು ತಂತ್ರಜ್ಞಾನದ ದೃಷ್ಟಿಯಿಂದ ಕಷ್ಟವೇನಲ್ಲ. ಬೆಲ್ಜಿಯಂನಂಥ ಪುಟ್ಟ ದೇಶ ಮಾಡಿ ತೋರಿಸಿದೆ. ಅಲ್ಲಿಯವರೆಗೆ ನಿಮ್ಮ ಬಿಲ್ಲುಗಳ ಕಡತವೇ ನಿಮ್ಮ ಕಾರಿನ ಹಲ್ಲು. ಇಂದು ಹೊಸ ಕಾರು ಕೊಂಡವರು ಆ ಕಡತವನ್ನು ಇಂದೇ ತೆರೆಯುವುದು ಒಳ್ಳೆಯದು.